ಕುಂದಾಪುರದ ಸೀಮೆಯಲ್ಲಿ ಪ್ರವೇಶಪರೀಕ್ಷೆಯೂ ಮನೆಪಾಠವೂ

ವಿದ್ಯೆಯನ್ನು ಕಲಿಸುವುದು ಒಂದು ಕಾರ್ಯ. ಕಲಿತುದನ್ನು ಪರೀಕ್ಷಿಸುವುದು ಇನ್ನೊಂದು ಕಾರ್ಯ. ಇವೆರಡೂ ಒಬ್ಬನೇ ಗುರುವಿನ ಕೈಯಲ್ಲಿದ್ದ ಕಾಲದಲ್ಲಿ ಪರೀಕ್ಷೆಗಾಗಿಯೇ ಪಾಠ ಹೇಳುವ ಬೇರೊಬ್ಬ ಮಾಸ್ತರನು ಬೇಕಾಗಿರಲಿಲ್ಲ. ಪರೀಕ್ಷಿಸುವವರು ನೂರಾರು ಮೈಲು ದೂರದ ರಾಜಧಾನಿಯಲ್ಲಿಯೂ ಕಲಿಯುವವನು ಹೊಳೆಗಳ ನಡುವಣ ಹಳ್ಳಿಯಲ್ಲಿಯೂ ಇರುವ ಪದ್ಧತಿಯು ಬಂದ ಮೇಲೆ, ಆ ಇಬ್ಬರ ಅಂತರವನ್ನು ತುಂಬುವುದಕ್ಕೆ ಮೂರನೆಯವನೊಬ್ಬನು ಬೇಕಾದನು. ಅವನೇ ಮನೆಪಾಠದ ಮಾಸ್ತರನು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ಕಡೆಗಳ ವಿದ್ಯಾಭ್ಯಾಸದ ಚರಿತ್ರೆಯನ್ನು ಅವನನ್ನು ಬಿಟ್ಟು ಹೇಳುವುದಾಗದು. ಅವನು ಯಾರಿಗೆ ದೊರೆತನು, ಯಾರಿಗೆ ದೊರೆಯಲಿಲ್ಲ ಎಂಬ ಪ್ರಶ್ನೆಯಲ್ಲಿ ಆ ಚರಿತ್ರೆಯ ಬಹುಭಾಗವು ಅಡಗಿರುವುದು.

ಮೊದಲು ಈ ಸೀಮೆಯಲ್ಲಿದ್ದುದು ಐಗಳ ಮಠ. ಯಾವನಾದರೊಬ್ಬ ಗೃಹಸ್ಥನ ಜಗಲಿಯಲ್ಲಿಯೋ ದೇವಸ್ಥಾನದ ಪೌಳಿಯಲ್ಲಿಯೋ ಊರಿನ ಹುಡುಗರು ಸೇರುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿ, ಅನಂತರ ಓಲೆಗರಿಗೆ ಬಂದು, ಮಗ್ಗಿ, ಬಾಯಿಲೆಕ್ಕ, ಅಮರಕೋಶ, ಜೈಮಿನಿ ಭಾರತಗಳವರೆಗೆ ನಡೆದರೆ ಓದು ಮುಗಿದಂತೆ. ಶಾನುಭೋಗಿಕೆಯ ಮನೆಯ ಹುಡುಗನು ಕಾಗದಪತ್ರಗಳನ್ನು ಓದುವುದನ್ನೂ ಲೆಕ್ಕ ಬರೆಯುವುದನ್ನೂ ಕಲಿಯುತ್ತಿದ್ದನು. ಪಾಠ ಹೇಳಿದ ಐಗಳೇ ಪರೀಕ್ಷಕರು. ಹುಡುಗನು ತಪ್ಪಿಲ್ಲದೆ ಒಪ್ಪಿಸಿದರೆ ಅದೇ ತೇರ್ಗಡೆ. ಅಕ್ಕಿ ತೆಂಗಿನಕಾಯಿಗಳ ರೂಪದಲ್ಲಿ ಸಲ್ಲುವ ಕಾಣಿಕೆಯೇ ಅವರ ಸಂಬಳ. ಈ ಪದ್ಧತಿಯಲ್ಲಿ ಪೆಟ್ಟುಗಳೂ ಇದ್ದುವು, ಕುರುಡುಪಾಠವೂ ಇತ್ತು, ಎಲ್ಲ ಜಾತಿಯವರಿಗೂ ಜಗಲಿಯು ತೆರೆದಿರಲಿಲ್ಲ. ಆದರೆ ಕಲಿಸಿದವನಿಗೆ ತಿಳಿಯದ ಪ್ರಶ್ನೆಯೊಂದು ಹೊರಗಿನಿಂದ ಬಂದು ಹುಡುಗನ ಭವಿಷ್ಯವನ್ನು ನಿರ್ಣಯಿಸುವ ಸಂಭವವು ಮಾತ್ರ ಇರಲಿಲ್ಲ.

ಆ ಸಂಭವವು ೧೮೫೭ರಲ್ಲಿ ಹುಟ್ಟಿತು. ೧೮೫೪ರ ಚಾರ್ಲ್ಸ್ ವುಡ್ಡನ ವಿದ್ಯಾಲೇಖನದ ಸಲಹೆಯಂತೆ ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ಆ ವರುಷ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಅವುಗಳಿಗೆ ಮಾದರಿಯಾದುದು ೧೮೩೬ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯ. ಅದು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ; ಪರೀಕ್ಷೆಯನ್ನು ನಡೆಯಿಸಿ ಪದವಿಯನ್ನು ಕೊಡುವ ಸಂಸ್ಥೆಯಾಗಿತ್ತು. ಮದ್ರಾಸಿನದೂ ಮೊದಲು ಅಂತೆಯೇ ಇದ್ದಿತು. ಕಾಲೇಜಿನೊಳಗೆ ಕಾಲಿಡಬೇಕಾದವನು ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಬೇಕು. ಇಂಗ್ಲಿಷು, ಇನ್ನೊಂದು ಭಾಷೆ, ಗಣಿತ, ಚರಿತ್ರೆ, ಭೂಗೋಲ ಮುಂತಾದವು ಅದರ ವಿಷಯಗಳು, ಉತ್ತರಗಳು ಇಂಗ್ಲಿಷಿನಲ್ಲಿ. ಕಾಲೇಜಿನ ಆಶೆಯಿಲ್ಲದವನಿಗೂ ಸರಕಾರದ ಕಚೇರಿಯ ಗುಮಾಸ್ತಗಿರಿಗೆ ಆ ಹೆಸರು ಉಪಯೋಗಕ್ಕೆ ಬರುತ್ತಿದ್ದುದರಿಂದ, ಮೆಟ್ರಿಕ್ ಎಂಬ ಮಾತು ಕೆಲವು ವರುಷಗಳಲ್ಲಿಯೇ ಹಳ್ಳಿಯ ಮನೆಗಳಲ್ಲಿ ಬಳಕೆಯ ಮಾತಾಯಿತು.

ಕುಂದಾಪುರದ ಹುಡುಗನು ಮದ್ರಾಸಿನ ಪರೀಕ್ಷೆಗೆ ಕುಳಿತುದು ಅವನ ಆಯ್ಕೆಯಿಂದಲ್ಲ, ಗಡಿಯ ಒಂದು ಗೆರೆಯಿಂದ ಎಂಬುದು ಗಮನಾರ್ಹವಾಗಿದೆ. ಕನ್ನಡ ಜಿಲ್ಲೆಯನ್ನು ಎರಡಾಗಿ ಒಡೆದಾಗ ಕುಂದಾಪುರ ತಾಲೂಕು ಮೊದಲು ಉತ್ತರ ಕನ್ನಡಕ್ಕೆ ಸೇರಿತ್ತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸುವಾಗ ಈ ತಾಲೂಕನ್ನು ಮಾತ್ರ ದಕ್ಷಿಣ ಕನ್ನಡಕ್ಕೆ ಸೇರಿಸಿ ಮದ್ರಾಸಿನಲ್ಲಿಯೇ ಉಳಿಸಿಕೊಂಡರು. ಅಂದಿನಿಂದ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೈಂದೂರಿನ ಉತ್ತರಕ್ಕಿರುವ ಶಿರೂರಿನ ಹುಡುಗನದು ಮದ್ರಾಸು ಪ್ರಾಂತದ ಓದು, ಅದಕ್ಕೆ ತಗಲಿದಂತಿರುವ ಭಟ್ಕಳದ ಹುಡುಗನದು ಮುಂಬಯಿ ಪ್ರಾಂತದ ಓದು. ಆಡುವ ಭಾಷೆಯೂ ಬೀಳುವ ಮಳೆಯೂ ಒಂದೇ; ಓದುವ ಪುಸ್ತಕವೂ ಉತ್ತರವನ್ನು ತಿದ್ದುವ ಕೈಯೂ ಬೇರೆ ಬೇರೆ. ಹೀಗಿರುವಾಗ ಭಟ್ಕಳದಲ್ಲಿ ಒಳ್ಳೆಯ ಮಾಸ್ತರನೊಬ್ಬನಿದ್ದರೂ ಶಿರೂರಿನವನಿಗೆ ಅವನಿಂದ ಪೂರ್ಣಪ್ರಯೋಜನವಿರಲಿಲ್ಲ.

ಮದ್ರಾಸಿನ ದಾರಿಯಾದರೋ ಮಂಗಳೂರಿನ ಮೂಲಕವಾಗಿ ಹೋಗಬೇಕಾಗಿತ್ತು. ಅಲ್ಲಿ ಸರಕಾರದ ಪ್ರಾಂತೀಯ ಶಾಲೆಯು ೧೮೬೦ರ ದಶಕದ ಕೊನೆಗೆ ಕಾಲೇಜಾಯಿತು. ೧೮೮೦ರಲ್ಲಿ ಸಂತ ಎಲೋಸಿಯಸ್ ಕಾಲೇಜು ಹುಟ್ಟಿತು. ೧೮೯೧ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಕುಂದಾಪುರದಿಂದ ಹೊರಟವನಿಗೆ ಬ್ರಹ್ಮಾವರವನ್ನು ಸೇರುವ ಮೊದಲೇ ಸೀತಾನದಿ, ಮುಂದೆ ಕಲ್ಯಾಣಪುರದಲ್ಲಿ ಸ್ವರ್ಣಾನದಿ, ಉದ್ಯಾವರದ ಹೊಳೆ, ಮೂಲ್ಕಿಯ ಶಾಂಭವಿ, ಕೂಳೂರಿನ ಹೊಳೆ ಹೀಗೆ ಸಾಲುಸಾಲಾಗಿ ನೀರು ಅಡ್ಡವಾಗುತ್ತಿದ್ದಿತು. ಬೈಂದೂರಿನವನಿಗೆ ಇವಕ್ಕೆ ಮೊದಲು ಗಂಗೊಳ್ಳಿಯ ಪಂಚಗಂಗಾವಳಿಯ ಕಡವು ಬೇರೆ. ಸೇತುವೆಗಳು ಬರುವ ತನಕ ದೋಣಿಯೇ ಗತಿ. ಆಷಾಢದ ನೆರೆಯಲ್ಲಿ ದೋಣಿಯೂ ಇಲ್ಲ. ಶಾಲೆಗೆ ಹೋಗುವುದೆಂದರೆ ಮನೆಯನ್ನು ಬಿಡುವುದೆಂದೇ ಅರ್ಥವಾಗಿತ್ತು. ಕುಂದಾಪುರದಲ್ಲಿ ಬೋರ್ಡ್ ಹೈಸ್ಕೂಲು ಏರ್ಪಟ್ಟುದರಿಂದ ಈ ಕಷ್ಟವು ಕೆಲಮಟ್ಟಿಗೆ ಕಡಿಮೆಯಾಯಿತು. ಆದರೆ ಕೋಟದ ಹುಡುಗನಿಗೂ ಮೊಗೇರಿಯ ಹುಡುಗನಿಗೂ ಕುಂದಾಪುರವೂ ಬಿಡಾರ ಮಾಡಬೇಕಾದ ಊರೇ.

ಇಲ್ಲಿಯೇ ಮನೆಪಾಠದ ಮಾಸ್ತರನ ಅವಶ್ಯಕತೆಯು ತೋರಿಬಂದುದು. ಹುಡುಗನ ಮನೆಮಾತು ಕುಂದಾಪುರದ ಕನ್ನಡ, ಸೀತಾನದಿಯ ದಕ್ಷಿಣದವನಾದರೆ ತುಳು, ಪೇಟೆಯವನಾದರೆ ಕೊಂಕಣಿ. ಶಾಲೆಯ ಪುಸ್ತಕದ ಕನ್ನಡವು ಅವನಿಗೆ ಎರಡನೆಯ ಭಾಷೆ. ಪರೀಕ್ಷೆಯ ಇಂಗ್ಲಿಷು ಮೂರನೆಯದು. ಮನೆಯಲ್ಲಿ ಇಂಗ್ಲಿಷು ಬಲ್ಲವರು ಯಾರೂ ಇಲ್ಲ. ಮಾಸ್ತರನು ಸಂಜೆ ಚಿಮಣಿಯ ದೀಪದ ಮುಂದೆ ಕುಳಿತು ಉಕ್ತಲೇಖನವನ್ನು ಬರೆಯಿಸುವನು, ವ್ಯಾಕರಣದ ಸೂತ್ರಗಳನ್ನು ಒಪ್ಪಿಸಿಕೊಳ್ಳುವನು, ಯೂಕ್ಲಿಡನ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿಸುವನು, ಹಿಂದಿನ ವರುಷಗಳ ಪ್ರಶ್ನಪತ್ರಿಕೆಗಳನ್ನು ಸಂಪಾದಿಸಿ ಉತ್ತರಿಸುವ ಕ್ರಮವನ್ನು ತೋರಿಸುವನು. ಎಷ್ಟು ತಿಳಿದಿದೆ ಎಂಬುದಕ್ಕಿಂತ, ತಿಳಿದುದನ್ನು ಕಾಣದ ಪರೀಕ್ಷಕನಿಗೆ ಎಷ್ಟು ಹೊತ್ತಿನೊಳಗೆ ಹೇಗೆ ತಿಳಿಸಬೇಕು ಎಂಬುದನ್ನು ಕಲಿಸುವುದೇ ಅವನ ಮುಖ್ಯ ಕೆಲಸವಾಗಿತ್ತು.

ಈ ಮಾಸ್ತರನು ಯಾರು? ಅನೇಕವೇಳೆ ಅವನೂ ಒಬ್ಬ ವಿದ್ಯಾರ್ಥಿಯೇ. ಬಡಹುಡುಗನು ಪೇಟೆಗೆ ಬಂದು ವಾರಾನ್ನವನ್ನು ಹಿಡಿಯುತ್ತಿದ್ದನು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅಥವಾ ವಕೀಲರದೋ ವರ್ತಕರದೋ ಮನೆಯ ಜಗಲಿಯಲ್ಲಿ ಮಲಗಲು ಸ್ಥಳ, ಎರಡು ಹೊತ್ತು ಗಂಜಿ ಊಟ, ಪ್ರತಿಯಾಗಿ ಆ ಮನೆಯ ಸಣ್ಣ ಮಕ್ಕಳಿಗೆ ಪಾಠ. ಐದನೆಯ ತರಗತಿಯವನಿಗೆ ಭಿನ್ನರಾಶಿಯನ್ನು ತಿಳಿಸಿಕೊಡುವಾಗ ಅವನಿಗೇ ಭಿನ್ನರಾಶಿಯು ದೃಢವಾಗುತ್ತಿದ್ದಿತು. ಉಳ್ಳವನ ಮಗನಿಗೆ ಮಾಸ್ತರನು ದೊರೆತನು. ಇಲ್ಲದವನ ಮಗನು ಮಾಸ್ತರನಾಗಿಯೇ ಓದನ್ನು ಮುಗಿಸಿದನು. ಕರಾವಳಿಯ ಎಷ್ಟೋ ವಕೀಲರೂ ಉಪಾಧ್ಯಾಯರೂ ಈ ರೀತಿಯಲ್ಲಿ ಮೇಲೆ ಬಂದವರು.

ಆದರೆ ಈ ಏರ್ಪಾಟನ್ನು ಹೊಗಳುವವರು ಅದರ ಎಲ್ಲೆಯನ್ನೂ ಕಾಣತಕ್ಕದ್ದು. ವಾರಾನ್ನವೆಂಬುದು ಪಂಕ್ತಿಯಲ್ಲಿ ಕುಳ್ಳಿರಿಸಿಕೊಳ್ಳಬಹುದಾದವನಿಗೆ ಸಲ್ಲುವ ಅನ್ನ. ದೇವಾಲಯ ಮಠಗಳಲ್ಲಿ ವಿದ್ಯಾರ್ಥಿಗಳಿಗೆ ಇಡುತ್ತಿದ್ದ ಎಲೆಯೂ ಅಂತಹುದೇ. ಕಡಲಿಗೆ ಹೋಗುವ ಮೊಗವೀರನ ಮಗನಿಗೆ, ಗೇಣಿಗೆ ಗದ್ದೆ ಮಾಡುವ ಒಕ್ಕಲಿನ ಮಗನಿಗೆ ಆ ಪಂಕ್ತಿಯಲ್ಲಿ ಎಡೆಯಿರಲಿಲ್ಲ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಬಾಗಿಲೇ ಕಷ್ಟ. ಈ ಕೊರತೆಯನ್ನು ಕಂಡು ೧೮೯೭ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತವರ್ಗಗಳ ಮಿಷನ್ನನ್ನು ಸ್ಥಾಪಿಸಿ, ಅವರಿಗಾಗಿ ಶಾಲೆಗಳನ್ನು ನಡೆಸಿದರು. ಹೆಣ್ಣುಮಕ್ಕಳ ಪಾಡೂ ಹೀಗೆಯೇ. ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ಏರ್ಪಟ್ಟುದು ೧೯೨೧ರಲ್ಲಿ. ಪರೀಕ್ಷೆಯು ಯಾರ ಜಾತಿಯನ್ನೂ ಕೇಳದು, ಅಂಕವನ್ನು ಮಾತ್ರ ಕೇಳುವುದು ಎಂಬ ಮಾತು ದಿಟವೇ. ಆದರೆ ಪರೀಕ್ಷೆಯ ಬಾಗಿಲಿನವರೆಗೆ ಕರೆದುಕೊಂಡು ಹೋಗುವವನು ಜಾತಿಯನ್ನೂ ಹಣವನ್ನೂ ನೋಡುತ್ತಿದ್ದನು.

ಮುಂಬಯಿಯ ರಾತ್ರಿಶಾಲೆಗಳ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಊರಿನಲ್ಲಿ ಓದಲಾಗದ ಹುಡುಗರು ಹಡಗು ಹತ್ತಿ ಆ ಮಹಾನಗರಕ್ಕೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡಿಗರು ನಡೆಸುವ ಶಾಲೆಗಳಲ್ಲಿ ಕುಳಿತು ಪರೀಕ್ಷೆಗೆ ಸಿದ್ಧರಾದರು. ಊರಿನ ಜಗಲಿಯಲ್ಲಿ ದೊರೆಯದ ಮಾಸ್ತರನು ಅವರಿಗೆ ಪರನಾಡಿನ ರಾತ್ರಿಯಲ್ಲಿ ದೊರೆತನು.

ಪರೀಕ್ಷೆಗೆ ಬೇರೆಯಾಗಿ ಮಾಸ್ತರನನ್ನಿಡುವುದು ಈ ನಾಡಿನ ಬಡಸ್ತಿಕೆಯಿಂದ ಹುಟ್ಟಿದ ರೋಗವೆಂದು ತಿಳಿಯಬಾರದು. ವಿದ್ಯೆಗೆ ಹೆಸರಾದ ಕೇಂಬ್ರಿಜ್ಜಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಗೆ ಹುಡುಗರನ್ನು ಸಿದ್ಧಗೊಳಿಸುತ್ತಿದ್ದವರು ಖಾಸಗಿ ಬೋಧಕರೇ. ಎಡ್ವರ್ಡ್ ರೌತ್ ಎಂಬ ಬೋಧಕನ ಶಿಷ್ಯರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಆ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಪಡೆದರು. ಲಂಡನ್ನಿನಲ್ಲಿ ಮನೆಪಾಠ ಹೇಳುತ್ತಿದ್ದ ಕಾರ್ ಎಂಬವನು ತನ್ನ ಶಿಷ್ಯರಿಗಾಗಿ ಗಣಿತದ ಸೂತ್ರಗಳನ್ನೆಲ್ಲ ಒಂದೆಡೆ ಸೇರಿಸಿ ಬರೆದ ಪುಸ್ತಕವು ಕುಂಭಕೋಣದ ಹುಡುಗನೊಬ್ಬನ ಕೈಗೆ ಬಂದಿತು. ಅವನು ಶ್ರೀನಿವಾಸ ರಾಮಾನುಜನ್. ಅವನು ೧೯೦೩ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಿದನು. ಅನಂತರ ಗಣಿತವೊಂದರಲ್ಲಿಯೇ ಮುಳುಗಿ ಉಳಿದ ವಿಷಯಗಳನ್ನು ಮರೆತುದರಿಂದ ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣನಾದನು; ಹೊಟ್ಟೆಪಾಡಿಗಾಗಿ ತಾನೂ ಮನೆಪಾಠವನ್ನು ಹೇಳಿದನು. ಪರೀಕ್ಷೆಗಾಗಿ ಹುಟ್ಟಿದ ಪುಸ್ತಕವೇ ಮಹಾಪ್ರತಿಭೆಯನ್ನು ಎಚ್ಚರಿಸಿತು. ಆ ಪ್ರತಿಭೆಯನ್ನು ಗುರುತಿಸಲು ಪರೀಕ್ಷೆಗೆ ಆಗಲಿಲ್ಲ.

ಪರೀಕ್ಷೆಯ ಏಣಿಯನ್ನು ಮೆಟ್ಟಲು ಮೆಟ್ಟಲಾಗಿ ಏರಿದ ಉದಾಹರಣೆಯೂ ಕರಾವಳಿಯಲ್ಲಿ ಉಂಟು. ಬೆನಗಲ್ ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮದ್ರಾಸು ಪ್ರಾಂತಕ್ಕೇ ಮೊದಲಿಗರಾಗಿ ತೇರ್ಗಡೆಯಾದರು. ಮದ್ರಾಸಿನಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್ಜಿಗೆ ಹೋಗಿ, ೧೯೦೯ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದರು. ಮುಂದೆ ಭಾರತದ ಸಂವಿಧಾನಸಭೆಗೆ ಸಲಹೆಗಾರರಾದರು. ಆ ಸರ್ವಿಸಿನ ಪರೀಕ್ಷೆಯು ೧೯೨೨ರವರೆಗೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದಿತು. ಕುಂದಾಪುರದವನಿಗೆ ಕಡವುಗಳು ಹೇಗೋ, ಭಾರತೀಯರೆಲ್ಲರಿಗೂ ಆಗ ಸಮುದ್ರವು ಹಾಗೆಯೇ.

ಪರೀಕ್ಷೆಯೇ ಪಾಠವನ್ನು ಆಳುತ್ತಿರುವುದೆಂಬ ದೂರು ಸರಕಾರದ ಕಿವಿಗೂ ಬಿದ್ದಿತು. ೧೯೦೨ರ ವಿಶ್ವವಿದ್ಯಾನಿಲಯಗಳ ಆಯೋಗವು ಇದನ್ನು ಭಾರತದ ವಿದ್ಯಾಭ್ಯಾಸದ ದೊಡ್ಡ ದೋಷವೆಂದು ಎತ್ತಿ ಹೇಳಿತು. ಇದಾದ ಮೇಲೆ ೧೯೧೧ರ ಹೊತ್ತಿಗೆ ಮದ್ರಾಸು ಪ್ರಾಂತದಲ್ಲಿ ಮೆಟ್ರಿಕ್ಯುಲೇಷನ್ನಿನ ಸ್ಥಾನಕ್ಕೆ ಎಸ್.ಎಸ್.ಎಲ್.ಸಿ. ಎಂಬ ಹೊಸ ಕ್ರಮವು ಬಂದಿತು. ಅದರ ಉದ್ದೇಶವು ವಿವೇಕಯುತವಾಗಿತ್ತು: ವರುಷಾವಧಿ ಶಾಲೆಯಲ್ಲಿ ಪಡೆದ ಅಂಕಗಳನ್ನೂ ಸಾರ್ವಜನಿಕ ಪರೀಕ್ಷೆಯ ಅಂಕಗಳನ್ನೂ ಒಂದೇ ಪುಸ್ತಕದಲ್ಲಿ ಬರೆದು, ಎರಡನ್ನೂ ನೋಡಿ ಹುಡುಗನನ್ನು ಅಳೆಯುವುದು. ಕಲಿಸಿದವನ ಮಾತಿಗೂ ಬೆಲೆ ಕೊಡುವ ಯತ್ನವದು. ಆದರೆ ಜನರು ಆ ಹೊಸ ಹೆಸರಿಗೂ ಹಳೆಯ ಅರ್ಥವನ್ನೇ ಕೊಟ್ಟರು. ಕೊನೆಯ ಪರೀಕ್ಷೆಯೇ ಪರೀಕ್ಷೆಯೆಂಬ ಭಾವನೆಯು ಉಳಿಯಿತು, ಮಾಸ್ತರನೂ ಉಳಿದನು.

ಯಾವ ದಾರಿಯನ್ನು ಹಿಡಿಯಬೇಕೆಂಬ ಆಯ್ಕೆಯ ಪ್ರಶ್ನೆಗೆ ಈ ಸೀಮೆಯ ಇಬ್ಬರು ಮಹನೀಯರ ಜೀವನವು ಎರಡು ಉತ್ತರಗಳನ್ನು ಕೊಡುವುದು. ಕೋಟದ ಶಿವರಾಮ ಕಾರಂತರು (೧೯೦೨–೧೯೯೭) ಕುಂದಾಪುರದ ಹೈಸ್ಕೂಲಿನಲ್ಲಿ ಓದಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದವರು, ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಅದನ್ನು ತೊರೆದರು. ಪರೀಕ್ಷೆಯನ್ನು ಬಿಟ್ಟರೂ ಅವರು ವಿದ್ಯೆಯನ್ನು ಬಿಡಲಿಲ್ಲ; ಮಕ್ಕಳಿಗಾಗಿ ಬಾಲಪ್ರಪಂಚವೆಂಬ ವಿಶ್ವಕೋಶವನ್ನು ಒಬ್ಬರೇ ಕನ್ನಡದಲ್ಲಿ ಬರೆದರು. ಬೈಂದೂರಿನ ಕಡೆಯ ಮೊಗೇರಿಯ ಗೋಪಾಲಕೃಷ್ಣ ಅಡಿಗರು (೧೯೧೮–೧೯೯೨) ಅದೇ ಕುಂದಾಪುರದಲ್ಲಿ ಹೈಸ್ಕೂಲನ್ನು ಮುಗಿಸಿ, ಮಂಗಳೂರಿಗೆ ಇಳಿಯುವ ಬದಲು ಘಟ್ಟವನ್ನು ಹತ್ತಿ ಮೈಸೂರಿಗೆ ಹೋದರು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡದ ಹುಡುಗನಿಗೆ ಮದ್ರಾಸಲ್ಲದ ಇನ್ನೊಂದು ಬಾಗಿಲಾಗಿತ್ತು. ಅವರು ಪದವಿಗಳನ್ನು ಪಡೆದು, ಇಂಗ್ಲಿಷ್ ಅಧ್ಯಾಪಕರಾಗಿ, ಸಾಗರದಲ್ಲಿಯೂ ಉಡುಪಿಯಲ್ಲಿಯೂ ಕಾಲೇಜಿನ ಪ್ರಿನ್ಸಿಪಾಲರಾದರು. ಒಬ್ಬರು ದಾರಿಯನ್ನು ತೊರೆದರು, ಇನ್ನೊಬ್ಬರು ಬೇರೆ ದಾರಿಯನ್ನು ಆರಿಸಿದರು. ಇಬ್ಬರಿಗೂ ಕುಂದಾಪುರದ ಶಾಲೆಯೇ ಕವಲು.

ಸ್ವಾತಂತ್ರ್ಯಾನಂತರ ಕಾಲೇಜುಗಳು ತಾವಾಗಿಯೇ ಹೊಳೆಗಳನ್ನು ದಾಟಿ ಬಂದುವು. ೧೯೪೯ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, ೧೯೫೩ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು, ೧೯೬೦ರಲ್ಲಿ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು, ೧೯೬೩ರಲ್ಲಿ ಕುಂದಾಪುರದಲ್ಲಿಯೇ ಭಂಡಾರ್ಕಾರ್ಸ್ ಕಾಲೇಜು ಸ್ಥಾಪಿತವಾದುವು. ೧೯೭೪ರ ಭೂಸುಧಾರಣೆಯ ಕಾನೂನಿನಿಂದ ಗೇಣಿದಾರರು ತಮ್ಮ ಗದ್ದೆಗೆ ಒಡೆಯರಾದುದು ವಿದ್ಯಾಭ್ಯಾಸದ ಚರಿತ್ರೆಗೂ ಸೇರಿದ ಸಂಗತಿ. ಗೇಣಿಯ ಭಯವು ತೊಲಗಿದ ಮನೆಯು ಮಗನನ್ನೂ ಮಗಳನ್ನೂ ಕಾಲೇಜಿಗೆ ಕಳುಹಿಸುವ ಧೈರ್ಯಮಾಡಿತು. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಮರಳುವಂತಾದ ಮೇಲೆ ವಾರಾನ್ನವೂ ಕಡವೂ ಮುದುಕರ ನೆನಪಿಗೆ ಸೇರಿದುವು.

ಆದರೆ ಕಲಿಸುವವನಿಗೂ ಪರೀಕ್ಷಿಸುವವನಿಗೂ ನಡುವಣ ಅಂತರವು ಮುಚ್ಚಲಿಲ್ಲ. ಅದು ಕಾಲೇಜಿನ ಇನ್ನೊಂದು ಬಾಗಿಲಿಗೆ ಸರಿಯಿತು. ವೈದ್ಯಕೀಯ ಇಂಜಿನಿಯರಿಂಗ್ ಸ್ಥಾನಗಳನ್ನು ಹಣಕ್ಕೆ ಕೊಡುವುದನ್ನು ತಡೆಯಲು ಕರ್ನಾಟಕವು ೧೯೮೪ರಲ್ಲಿ ಕಾನೂನನ್ನು ಮಾಡಿತು. ೧೯೯೩ರಲ್ಲಿ ಸುಪ್ರೀಂ ಕೋರ್ಟು ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ತೀರ್ಪಿತ್ತ ಬಳಿಕ ೧೯೯೪ರಲ್ಲಿ ಸಿ.ಇ.ಟಿ. ಎಂಬ ಸಾಮಾನ್ಯ ಪ್ರವೇಶಪರೀಕ್ಷೆಯು ಆರಂಭವಾಯಿತು. ಬೈಂದೂರಿನ ಕೃಷಿಕನ ಮಗಳೂ ಬೆಂಗಳೂರಿನ ಅಧಿಕಾರಿಯ ಮಗನೂ ಒಂದೇ ಪ್ರಶ್ನಪತ್ರಿಕೆಯನ್ನು ಕಾಣುವಂತಾದುದು ಸಣ್ಣ ನ್ಯಾಯವಲ್ಲ. ಹತ್ತು ವರುಷ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಸ್ಥಾನಗಳ ಮೀಸಲು ಅದರ ಜತೆಗೆ ಸೇರಿತು. ಇಂಜಿನಿಯರಿಂಗಿಗೆ ಪಿ.ಯು.ಸಿ. ಅಂಕಗಳನ್ನೂ ಸಿ.ಇ.ಟಿ. ಅಂಕಗಳನ್ನೂ ಸಮಭಾಗವಾಗಿ ಕೂಡಿಸಿ ಸ್ಥಾನವನ್ನು ನಿರ್ಣಯಿಸುವ ಪದ್ಧತಿಯಲ್ಲಿ ೧೯೧೧ರ ಹಳೆಯ ವಿವೇಕವೇ ಮರಳಿ ತೋರುವುದು. ೨೦೧೭ರಿಂದ ಕರ್ನಾಟಕದ ವೈದ್ಯಕೀಯ ಸ್ಥಾನಗಳಿಗೆ ದೇಶಕ್ಕೆಲ್ಲ ಒಂದೇ ಆದ ನೀಟ್ ಪರೀಕ್ಷೆಯು ಬಂದಿತು. ಅದರಲ್ಲಿ ೧೮೦ ಪ್ರಶ್ನೆಗಳಿಗೆ ಉತ್ತರ, ೭೨೦ ಅಂಕ. ತಪ್ಪಾದ ಪ್ರತಿಯೊಂದು ಉತ್ತರಕ್ಕೆ ಒಂದು ಅಂಕದ ಕಡಿತ. ಅದೇ ವರುಷ ಕನ್ನಡದಲ್ಲಿಯೂ ಅದನ್ನು ಬರೆಯುವ ಅವಕಾಶವಾಯಿತು. ಈ ಪರೀಕ್ಷೆಯನ್ನು ೨೦೧೯ರಿಂದ ನಡೆಯಿಸುತ್ತಿರುವ ರಾಷ್ಟ್ರೀಯ ಸಂಸ್ಥೆಯು ೧೮೫೭ರ ಮದ್ರಾಸಿನಂತೆಯೇ ಪರೀಕ್ಷಿಸುವುದೇ ಹೊರತು ಪಾಠವನ್ನು ಹೇಳುವುದಿಲ್ಲ.

ಫಲವೂ ಅಂದಿನಂತೆಯೇ ಆಯಿತು. ಪಿ.ಯು.ಸಿ.ಯ ಪಾಠ ಒಂದು, ಪ್ರವೇಶಪರೀಕ್ಷೆಯ ಅಭ್ಯಾಸ ಇನ್ನೊಂದು ಎಂದಾದಾಗ ಮಾಸ್ತರನು ಕೋಚಿಂಗ್ ತರಗತಿಯ ವೇಷದಲ್ಲಿ ಮರಳಿ ಬಂದನು. ಗಣಿತವನ್ನು ಇಟ್ಟುಕೊಳ್ಳಬೇಕೆ, ಜೀವಶಾಸ್ತ್ರವನ್ನೆ, ಎರಡನ್ನೂ ಹೊರಬೇಕೆ ಎಂಬ ನಿರ್ಣಯವನ್ನು ಹದಿನಾರನೆಯ ವಯಸ್ಸಿಗೆ ಮಾಡಬೇಕಾಗಿರುವುದು. ಶಾಲೆಯ ಉಪಾಧ್ಯಾಯರು ಖಾಸಗಿ ಪಾಠ ಹೇಳಬಾರದೆಂದು ೨೦೦೯ರ ಶಿಕ್ಷಣದ ಹಕ್ಕಿನ ಕಾನೂನು ವಿಧಿಸಿತು; ಹದಿನಾರು ತುಂಬದವರನ್ನು ಕೋಚಿಂಗಿಗೆ ಸೇರಿಸಿಕೊಳ್ಳಬಾರದೆಂದು ೨೦೨೪ರಲ್ಲಿ ಕೇಂದ್ರ ಸರಕಾರವು ಮಾರ್ಗಸೂಚಿಯನ್ನು ಹೊರಡಿಸಿತು. ನಿಷೇಧಗಳು ಮಾಸ್ತರನ ಬಾಗಿಲನ್ನು ಕಿರಿದುಮಾಡಿಯಾವು; ಅವನನ್ನು ಹುಟ್ಟಿಸಿದ ಅಂತರವನ್ನು ಮುಚ್ಚಲಾರವು. ಈಗ ಆ ಅಂತರವನ್ನು ದಾಟುವುದಕ್ಕೆ ಬೇಕಾದುದು ದೋಣಿಯ ಕೂಲಿಯಲ್ಲ. ಹೆತ್ತವರು ವರುಷಗಟ್ಟಲೆ ಕೂಡಿಸಿಟ್ಟ ಹಣ, ಕೆಲವೆಡೆ ಸಾಲ.

ಒಂದೂವರೆ ಶತಮಾನದ ಈ ವೃತ್ತಾಂತದಿಂದ ಎರಡು ಮಾತುಗಳು ಸ್ಪಷ್ಟವಾಗುವುವು. ಮೊದಲನೆಯದು, ಸಮಾನವಾದ ಪ್ರಶ್ನಪತ್ರಿಕೆಯು ಸಮಾನವಾದ ಅವಕಾಶವಲ್ಲ. ಪತ್ರಿಕೆಯನ್ನು ಒಂದು ಮಾಡುವ ಶ್ರಮದ ಅರ್ಧದಷ್ಟಾದರೂ ಮಾಸ್ತರನನ್ನು ಎಲ್ಲರಿಗೂ ಒದಗಿಸುವುದರಲ್ಲಿ ವಿನಿಯೋಗವಾಗಬೇಕು. ಎರಡನೆಯದು, ಆ ಮಾಸ್ತರನು ದೂರದಿಂದಲೇ ಬರಬೇಕಾಗಿಲ್ಲ. ಗಂಜಿಯೂಟಕ್ಕಾಗಿ ಸಣ್ಣವರಿಗೆ ಪಾಠ ಹೇಳಿದ ಬಡವಿದ್ಯಾರ್ಥಿಯು ತೋರಿಸಿದ ಕ್ರಮವು ಇಂದಿಗೂ ಸಾಧ್ಯವೇ. ಅದರ ಪಂಕ್ತಿಭೇದವನ್ನು ಕಳೆದು, ಕಾಲೇಜಿನ ಕಟ್ಟೆಯನ್ನು ಹತ್ತಿದವರು ಪ್ರತಿಯೊಂದು ಊರಿನಲ್ಲಿಯೂ ಕಟ್ಟೆಯ ಕೆಳಗಿರುವವರಿಗೆ ಸಂಜೆಯ ಎರಡು ಗಂಟೆಗಳನ್ನು ಕೊಡುವುದಾದರೆ ಸಾಕು. ಗಂಗೊಳ್ಳಿಯ ದೋಣಿಯವನು ಮಗನನ್ನು ಕಡವು ದಾಟಿಸಿ ಶಾಲೆಗೆ ಬಿಟ್ಟ ಕಾಲವು ಹೋಯಿತು. ಅವನ ಮೊಮ್ಮಕ್ಕಳನ್ನು ಈ ಹೊಸ ಹೊಳೆಯನ್ನು ದಾಟಿಸುವ ಭಾರವು ಈಗ ಓದಿ ದಡ ಸೇರಿದವರದು.